ನಾಲ್ಕನೇ ತರಗತಿಯ ಸಾಲು

ನನ್ನ ಮಗಳು ಇಂಜಿನಿಯರಿಂಗ್ ಓದಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಒಂದೇ ಉತ್ತರ ಕೊಟ್ಟಿದ್ದೇನೆ, ‘ಅವಳಿಗೆ ಆ ಯೋಗ ಇರಲಿಲ್ಲ’ ಎಂದು. ಅದು ಸುಳ್ಳು. ಯೋಗವೂ ಇತ್ತು, ಯೋಗ್ಯತೆಯೂ ಇತ್ತು. ತಪ್ಪಿಸಿದವನು ನಾನು. ಈಗ ಅದನ್ನು ಬರೆದಿಡುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದಾಗಲೆಲ್ಲ ಅರ್ಧಕ್ಕೇ ನಿಂತುಹೋಗಿದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದೆ. ಮನೆ ತಳಕಿನಲ್ಲಿ. ಬೆಳಗಿನ ಟ್ರಿಪ್ಪಿನಲ್ಲಿ ಮೇಷ್ಟ್ರುಗಳು, ನರ್ಸಮ್ಮಂದಿರು, ಕಚೇರಿಯವರು ಹತ್ತುತ್ತಿದ್ದರು. ಅವರಲ್ಲಿ ಬೇಕಾದವರಿಗೆ ನಾನು ಮೊದಲೇ ಟವೆಲ್ಲು ಹಾಕಿ ಜಾಗ ಹಿಡಿದಿಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ನನ್ನ ಕೆಲಸಗಳೂ ಆಗುತ್ತಿದ್ದವು. ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ, ತಾಲ್ಲೂಕು ಕಚೇರಿಯ ಸಹಿ, ಯಾವುದಕ್ಕೂ ನಾನು ಸಾಲಿನಲ್ಲಿ ನಿಂತವನಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರೆ ಸಾಕಿತ್ತು. ಲೋಕವೆಲ್ಲ ಹೀಗೇ ನಡೆಯುತ್ತದೆ ಎಂದುಕೊಂಡಿದ್ದೆ.

ಮಗಳು ಎಂಟು ವರ್ಷದವಳಿದ್ದಾಗ ನಮ್ಮಾಕೆಗೆ ಎದೆಯ ಕಾಯಿಲೆಯಾಗಿ ಚಿತ್ರದುರ್ಗದ ಆಸ್ಪತ್ರೆಗೆ ಅಲೆಯಬೇಕಾಯಿತು. ಮಗುವನ್ನು ರಾಯದುರ್ಗದಲ್ಲಿದ್ದ ಅದರ ಅಜ್ಜಿಯ ಹತ್ತಿರ ಬಿಟ್ಟೆವು. ಮೊಳಕಾಲ್ಮೂರು ದಾಟಿದರೆ ಆಂಧ್ರ. ನಮ್ಮ ಕಡೆಯವರಿಗೆ ಅದು ಬೇರೆ ರಾಜ್ಯ ಅಂತ ಅನಿಸುವುದೇ ಇಲ್ಲ. ಹೆಣ್ಣು ತರುವುದು ಅಲ್ಲಿಂದ, ಕೊಡುವುದು ಅಲ್ಲಿಗೆ. ನಾಲ್ಕನೇ ತರಗತಿಯನ್ನು ಅವಳು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ತೆಲುಗಿನಲ್ಲಿ ಓದಿದಳು. ಮರುವರ್ಷ ತಳಕಿಗೆ ವಾಪಸು ಬಂದಾಗ ಮಗ್ಗಿಯೆಲ್ಲ ತೆಲುಗಿಗೆ ತಿರುಗಿತ್ತು. ಆಮೇಲೆ ಪಿಯುಸಿಯಲ್ಲಿ ದೊಡ್ಡ ದೊಡ್ಡ ಲೆಕ್ಕ ಮಾಡುವಾಗಲೂ ತುಟಿಯಲ್ಲಿ ‘ಏಡು ಎನಿಮಿದುಲು ಯಾಭೈ ಆರು’ ಎಂದು ಏಳೆಂಟರ ಮಗ್ಗಿ ಗೊಣಗುತ್ತಿದ್ದಳು. ಅವಳವ್ವ ನಗುತ್ತಿದ್ದಳು.

ಪಿಯುಸಿಗೆ ಅವಳು ನನ್ನ ಬಸ್ಸಿನಲ್ಲೇ ಚಳ್ಳಕೆರೆಗೆ ಓಡಾಡಿದಳು. ಎರಡನೇ ವರ್ಷದಲ್ಲಿ ಸಿಇಟಿ ಅರ್ಜಿ ತಂದಳು. ಅದರ ಜೊತೆ ಒಂದು ದಪ್ಪ ಪುಸ್ತಕವಿತ್ತು. ಅವಳು ಅದನ್ನು ಪಾಠದ ಪುಸ್ತಕದ ಹಾಗೆ ಓದಿ, ನಾನು ಊಟಕ್ಕೆ ಕೂತಾಗ ಒಪ್ಪಿಸುತ್ತಿದ್ದಳು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಒಂದೊಂದಕ್ಕೂ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದುದರ ಮುಂದಿನ ಸೊನ್ನೆಯನ್ನು ಪೂರ್ತಿ ಕಪ್ಪು ಮಾಡಬೇಕು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಕೊನೆಗೆ ಪಿಯುಸಿಯ ಅಂಕ ಅರ್ಧ, ಇದರದ್ದು ಅರ್ಧ ಸೇರಿಸಿ ರ್‍ಯಾಂಕು.

“ತಪ್ಪು ಬರೆದ್ರೂ ಕಳೆಯಲ್ಲ ಅಂದ್ರೆ ಯಾವುದೋ ಒಂದನ್ನ ಕಪ್ಪು ಮಾಡಿ ಬಂದ್ರಾಯ್ತಲ್ಲ” ಎಂದೆ.

“ನಿನ್ನ ಟಿಕೇಟು ಹಂಗೇ ಹರೀತೀಯೇನಪ್ಪ, ಯಾವುದೋ ಒಂದು ಊರಿಗೆ?” ಎಂದಳು.

ನನ್ನ ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ ಸ್ಕೇಲು ಇಟ್ಟು ಸಾಲು ಸಾಲು ಸೊನ್ನೆ ಬರೆದುಕೊಂಡು, ಗಡಿಯಾರ ನೋಡಿಕೊಂಡು ತುಂಬಿ ಅಭ್ಯಾಸ ಮಾಡುತ್ತಿದ್ದಳು. ಗೆರೆಯಿಂದ ಒಂದು ಚೂರೂ ಆಚೆ ಹೋಗುತ್ತಿರಲಿಲ್ಲ.

ಆ ಅರ್ಜಿಯಲ್ಲಿ ಒಂದನೇ ತರಗತಿಯಿಂದ ಹಿಡಿದು ಯಾವ ವರ್ಷ, ಯಾವ ಶಾಲೆ, ಯಾವ ಊರು ಎಂದು ಸಾಲಾಗಿ ಬರೆಯಬೇಕಿತ್ತು. ಜೊತೆಗೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಹತ್ತು ವರ್ಷವೂ ನಮ್ಮ ರಾಜ್ಯದ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಬೇರೆ ಸಿಗುತ್ತಿತ್ತು. “ಅದು ನಮಗೆ ಬರಲ್ಲಪ್ಪ, ನಾಲ್ಕನೇ ಕ್ಲಾಸು ರಾಯದುರ್ಗ ಅಲ್ವ. ಪರವಾಗಿಲ್ಲ. ಸಾದಾ ಅರ್ಹತೆಗೆ ಏಳು ವರ್ಷ ಕರ್ನಾಟಕದಾಗೆ ಓದಿದ್ರೆ ಸಾಕು ಅಂತ ಐತೆ. ನಂದು ಹನ್ನೊಂದು ಐತೆ” ಎಂದು ಆ ಪುಟಕ್ಕೆ ಬೆರಳಿಟ್ಟು ತೋರಿಸಿದಳು.

ನಾನು ಪುಟ ನೋಡಲಿಲ್ಲ. ಮರುದಿನ ಬಸ್ಸಿನಲ್ಲಿ ಮಾತು ತೆಗೆದೆ. ಚಳ್ಳಕೆರೆಯ ಒಬ್ಬ ಶೇಂಗಾ ವ್ಯಾಪಾರಿ, ನಮ್ಮ ಕಾಯಂ ಗಿರಾಕಿ, ಕೈಯಾಡಿಸಿ ಹೇಳಿದ: “ಏಳೂ ಇಲ್ಲ ಎಂಟೂ ಇಲ್ಲ. ಒಂದು ವರ್ಷ ಆಂಧ್ರ ಅಂತ ಬಿತ್ತೋ, ಅರ್ಜಿ ಎತ್ತಿ ಆಚೆಗೆ. ನನ್ನ ಭಾಮೈದನ ಮಗನಿಗೆ ಹಂಗೇ ಆತು.”

ಡ್ರೈವರ್ ಕನ್ನಡಿಯಲ್ಲೇ ನನ್ನ ಮುಖ ನೋಡಿ, “ಲೇ, ಇಡೀ ರೂಟಿನ ಮೇಷ್ಟ್ರುಗಳಿಗೆ ಟವೆಲ್ ಹಾಸ್ತೀಯ, ಒಂದು ಸರ್ಟಿಫಿಕೇಟು ಹುಟ್ಟಲ್ವೇನಲೇ?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಎಷ್ಟೋ ಕಾಲದ ಮೇಲೆ ಗೊತ್ತಾಯಿತು, ಆ ವ್ಯಾಪಾರಿಯ ಭಾಮೈದನ ಮಗ ಹತ್ತನೇ ತರಗತಿಯವರೆಗೂ ಅನಂತಪುರದಲ್ಲೇ ಓದಿದವನು, ನಮ್ಮ ಕಡೆ ಓದಿದ್ದು ಪಿಯುಸಿಯ ಎರಡೇ ವರ್ಷ. ಅಚ್ಚಾದ ಪುಸ್ತಕ ಹಿಡಿದು ಮಗಳು ಹೇಳಿದ್ದನ್ನು ಬಿಟ್ಟು ಬಸ್ಸಿನ ಮಾತು ನಂಬಿದೆ. ಇಪ್ಪತ್ತಾರು ವರ್ಷ ಬಸ್ಸಿನ ಮಾತೇ ನನ್ನ ವಿದ್ಯೆಯಾಗಿತ್ತು.

ಹೆದ್ದಾರಿಯಿಂದ ಒಳಗಿದ್ದ ಒಂದು ಹಳ್ಳಿಯ ಶಾಲೆಯ ಹೆಡ್‌ಮೇಷ್ಟ್ರಿಗೆ ನಾನು ವರ್ಷಗಟ್ಟಲೆ ಕಿಟಕಿ ಪಕ್ಕದ ಜಾಗ ಹಿಡಿದುಕೊಟ್ಟಿದ್ದೆ. ಆ ಹಳ್ಳಿಯ ಹೆಸರು ಬೇಡ. ನನ್ನ ಮಾತು ತೆಗೆದುಹಾಕಲು ಅವರಿಗೆ ಆಗಲಿಲ್ಲ. ಹುಡುಗಿ ನಾಲ್ಕನೇ ತರಗತಿಯನ್ನು ತಮ್ಮಲ್ಲಿ ಓದಿದಳೆಂದು ಬರೆದುಕೊಟ್ಟರು. “ಏನೂ ಆಗಲ್ಲ ತಾನೇನ್ರಿ?” ಎಂದು ಎರಡು ಸಲ ಕೇಳಿದರು. ಏನೂ ಆಗಲ್ಲ ಎಂದೆ.

ಅದನ್ನು ಮಗಳ ಮುಂದಿಟ್ಟಾಗ ಅವಳು ಪೆನ್ನು ಕೆಳಗಿಟ್ಟಳು.

“ನಾನು ಬರೆಯಲ್ಲಪ್ಪ. ನಾನು ಆ ಸ್ಕೂಲು ನೋಡೇ ಇಲ್ಲ.”

“ನೋಡೋದೇನೈತೆ ಅದರಾಗೆ. ಬರಿ.”

“ನಿಜ ಬರೆದ್ರೂ ಆಗುತ್ತೆ ಅಂತ ಐತಲ್ಲಪ್ಪ ಪುಸ್ತಕದಾಗೆ. ಒಂದ್ಸಲ ಓದು.”

“ನನಗಿಂತ ನಿನಗೆ ಹೆಚ್ಚು ಗೊತ್ತೈತಾ?”

ಮಿಕ್ಕ ಸಾಲುಗಳನ್ನೆಲ್ಲ ಅವಳು ತನ್ನ ಗುಂಡು ಅಕ್ಷರದಲ್ಲಿ ತುಂಬಿದ್ದಳು. ನಾಲ್ಕನೆಯದು ಖಾಲಿ ಇತ್ತು. ಪೆನ್ನು ಕಿತ್ತುಕೊಂಡು ಅದನ್ನು ನಾನೇ ಬರೆದೆ. ಗ್ರಾಮೀಣ ಮೀಸಲಾತಿಗೂ ಗುರುತು ಹಾಕಿದೆ. ಪಕ್ಕದಲ್ಲೇ ನಿಂತು ಬಲವಂತವಾಗಿ ಅವಳಿಂದ ಸಹಿ ಮಾಡಿಸಿದೆ.

ಚಿತ್ರದುರ್ಗದಲ್ಲಿ ಎರಡು ದಿನ ಪರೀಕ್ಷೆ ನಡೆಯಿತು. ಗಣಿತ ಮುಗಿಸಿ ಹೊರಗೆ ಬಂದಾಗ ಅವಳ ತೋರುಬೆರಳಿಗೆ ಮಸಿ ಮೆತ್ತಿತ್ತು, ಮುಖ ಬೆಳಗುತ್ತಿತ್ತು. “ಐವತ್ತೆಂಟು ಗ್ಯಾರಂಟಿ ಅಪ್ಪ” ಎಂದಳು. ರ್‍ಯಾಂಕು ಬಂದ ಮೇಲೆ ಕಾಲೇಜಿನ ಗಣಿತದ ಮೇಷ್ಟ್ರು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ, “ಯಾವ ಮೀಸಲಾತಿಯೂ ಬೇಡ ಕಣ್ರಿ, ದಾವಣಗೆರೆಯಲ್ಲಿ ಸೀಟು ಕಾದು ಕೂತಿದೆ ನಿಮ್ಮ ಮಗಳಿಗೆ” ಎಂದರು. ಆಗಲೂ ಅವಳು ಕೇಳಿದಳು, ದಾಖಲೆ ತೋರಿಸುವ ದಿನ ನಾವಾಗಿಯೇ ನಿಜ ಹೇಳಿ ತಿದ್ದಿಸಿಕೊಂಡರೆ ಆಗುವುದಿಲ್ಲವೇ ಎಂದು. ಕೊಟ್ಟಿದ್ದು ಕೊಟ್ಟಾಯ್ತು, ಸುಮ್ಮನಿರು ಎಂದೆ.

ಬೆಂಗಳೂರಿನಲ್ಲಿ ದಾಖಲೆ ನೋಡುವ ಮೇಜಿನ ಹಿಂದೆ ವಯಸ್ಸಾದ ಅಧಿಕಾರಿಯೊಬ್ಬರಿದ್ದರು. ಅರ್ಜಿಯ ಮೇಲೆ ಕಣ್ಣಾಡಿಸುತ್ತಾ ಬಂದವರು ನಾಲ್ಕನೇ ಸಾಲಿಗೆ ನಿಂತರು. ಅಷ್ಟೂ ಗುಂಡು ಅಕ್ಷರದ ನಡುವೆ ನನ್ನ ಅಡ್ಡಾದಿಡ್ಡಿ ಅಕ್ಷರ. ಪ್ರಮಾಣಪತ್ರ ತಿರುವಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನು ಕೇಳಿದರು.

“ನಾಲ್ಕನೇ ಕ್ಲಾಸು ಎಲ್ಲಿ ಓದಿದೆಯಮ್ಮ?”

ಅವಳು ನನ್ನ ಕಡೆ ನೋಡಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಹೌದು, ತುಳಿದೆ.

“ರಾಯದುರ್ಗದಲ್ಲಿ ಸಾರ್” ಎಂದಳು.

ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಏನ್ರಿ ಇದು? ರಾಯದುರ್ಗ ಅಂತಲೇ ಬರೆದಿದ್ರೆ ಈಕೆಗೆ ಏನೂ ತೊಂದರೆ ಇರಲಿಲ್ಲವಲ್ರೀ. ಈಗ ಸುಳ್ಳು ದಾಖಲೆ ಆಯ್ತು. ಈ ವರ್ಷ ನಾನು ಸೀಟು ಆರಿಸೋಕೆ ಒಳಗೆ ಬಿಡೋಕಾಗಲ್ಲ.” ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಬರೆದ ಮೇಲೆ ಅವಳಿಗೆ ಮೆಲ್ಲಗೆ ಹೇಳಿದರು: “ಪಿಯುಸಿ ಅಂಕ ಹಂಗೇ ಇರುತ್ತೆ. ಮುಂದಿನ ವರ್ಷ ಪರೀಕ್ಷೆ ಬರಿ. ರಾಯದುರ್ಗದ ಶಾಲೆಯಿಂದ ಒಂದು ಕಾಗದ ತಗೊಂಡು ಬಾ, ಸಾಕು.”

ವಾಪಸು ಬರುವಾಗ ಬಸ್ಸು ಹಿರಿಯೂರು ದಾಟಿತು. ಆಗ ನಾನು ಅವಳನ್ನು ಕೇಳಿದ್ದು ಇದು: “ಒಂದು ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದುಹೋಗ್ತಿತ್ತಾ ನಿಂದು?”



ಹೆಡ್‌ಮೇಷ್ಟ್ರಿಗೆ ನೋಟಿಸು ಬಂತು. ಅವರು ನನ್ನ ಬಸ್ಸು ಹತ್ತುವುದನ್ನೇ ಬಿಟ್ಟು ಅದರ ಹಿಂದೆ ಬರುವ ಸರ್ಕಾರಿ ಬಸ್ಸಿಗೆ ಕಾಯತೊಡಗಿದರು. ಅವರನ್ನು ರಸ್ತೆ ಬದಿಯಲ್ಲಿ ಕಂಡ ದಿನವೆಲ್ಲ ಮನೆಗೆ ಬಂದು ಮಗಳ ಮೇಲೆ ಸಿಡುಕುತ್ತಿದ್ದೆ.

ಇಷ್ಟಾದರೂ ಎಲ್ಲ ಮುಗಿದಿರಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಇನ್ನೂ ಮುಂದಿತ್ತು.

ಅವಳು ಮತ್ತೆ ಓದಲು ಕೂತಳು. ಮತ್ತೆ ಟ್ರಿಪ್ ಶೀಟಿನ ಹಿಂದೆ ಸೊನ್ನೆ ಬರೆದಳು. ರಾಯದುರ್ಗದ ಶಾಲೆಗೆ ಒಬ್ಬಳೇ ಹೋಗಿ ಬಂದಳು. ಅಪ್ಪ ಬಂದು ಸಹಿ ಮಾಡಿದರೆ ಕೊಡುತ್ತೇವೆ ಎಂದು ಅಲ್ಲಿ ಹೇಳಿದರಂತೆ. “ಒಂದು ದಿನ ಬರ್ತೀಯಾ ಅಪ್ಪ?” ಎಂದಳು. ನಾಳೆ ಎಂದೆ. ದಿನಾ ಎರಡು ಸಲ ಮೊಳಕಾಲ್ಮೂರಿಗೆ ಹೋಗಿ ನಿಲ್ಲುವವನು ನಾನು. ಅಲ್ಲಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ರಜೆ ಇಲ್ಲ ಎಂದೆ. ಬದಲಿ ಆಳು ಸಿಗಲಿಲ್ಲ ಎಂದೆ. ಅಲ್ಲಿನ ಕಚೇರಿಗೆ ರಜೆಯಂತೆ ಎಂದೂ ಒಂದು ಸಲ ಹೇಳಿದೆ, ವಿಚಾರಿಸದೆಯೇ.

“ಊರವರಿಗೆಲ್ಲ ಜಾಗ ಹಿಡೀತೀಯ, ಹೆತ್ತ ಮಗಳಿಗೆ ಒಂದು ಕಾಗದ ತರೋಕೆ ಆಗಲ್ವ ನಿನಗೆ?” ಎಂದು ನಮ್ಮಾಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು.

ಯಾಕೆ ಹೋಗಲಿಲ್ಲ? ಹೋಗಿ ಆ ಕಾಗದ ತಂದರೆ, ಅವಳು ಹೇಳಿದ್ದೇ ಸರಿ, ನಾನು ಬರೆದದ್ದು ಸುಳ್ಳು ಎಂದು ನನ್ನ ಕೈಯಿಂದಲೇ ಒಪ್ಪಿದಂತಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಮೇಜಿನ ಮುಂದೆ ನಾಲ್ಕು ಜನರೆದುರು ನನ್ನ ಮಾನ ಕಳೆದಳಲ್ಲ, ಇನ್ನೊಂದು ಸಲ ಬಂದು ಕೇಳಲಿ, ತಲೆ ತಗ್ಗಿಸಿ ಕೇಳಲಿ ಎಂದು ಕಾಯುತ್ತಿದ್ದೆ. ಅವಳು ಮೂರು ಸಲ ಕೇಳಿದಳು. ನಾಲ್ಕನೇ ಸಲ ಕೇಳಲಿಲ್ಲ. ಅರ್ಜಿಯ ಕೊನೆಯ ದಿನ ಬಂತು, ಹೋಯಿತು. ಅಂದು ಸಂಜೆ ಅವಳು ಬಟ್ಟೆ ಒಗೆದು ತಂತಿಯ ಮೇಲೆ ಹರವುತ್ತಿದ್ದಳು. ನನ್ನ ಖಾಕಿ ಅಂಗಿಯನ್ನೂ ಕೊಡವಿ ಹರವಿದಳು.

ಆಮೇಲೆ ಮೇಷ್ಟ್ರ ತರಬೇತಿಗೆ, ಟಿಸಿಎಚ್‌ಗೆ ಸೇರುತ್ತೇನೆ ಎಂದಳು. ಅದಕ್ಕೂ ನಾನು ಮನಸ್ಸು ಮಾಡಲಿಲ್ಲ. ಮೊಳಕಾಲ್ಮೂರಿನಲ್ಲಿ ಸಂಬಂಧ ಬಂತು, ಕೊಟ್ಟೆ. ಅಳಿಯ ಒಳ್ಳೆಯವನು, ಸೀರೆಗಳಿಗೆ ಬಣ್ಣ ಕಟ್ಟುವ ಕೆಲಸ. ಅವಳು ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಅವಳ ಹತ್ತಿರ ಕಲಿತ ಇಬ್ಬರು ಇಂಜಿನಿಯರಿಂಗ್ ಸೇರಿದ್ದಾರೆ ಎಂದು ಅಳಿಯನೇ ನನಗೆ ಹೇಳಿದ. ಅವಳು ಹೇಳಲಿಲ್ಲ.

ನಮ್ಮಾಕೆ ತೀರಿಕೊಂಡ ವರ್ಷ ಆಕೆಯ ಟ್ರಂಕು ತೆಗೆದೆ. ಸೀರೆಗಳ ಅಡಿಯಲ್ಲಿ ನನ್ನ ಟ್ರಿಪ್ ಶೀಟುಗಳ ಕಟ್ಟು ಇತ್ತು. ತಿರುಗಿಸಿದರೆ ಸಾಲು ಸಾಲು ಕಪ್ಪು ಸೊನ್ನೆ. ಕೊನೆಯ ಹಾಳೆಯಲ್ಲಿ ಅರ್ಧದವರೆಗೆ ಮಾತ್ರ ತುಂಬಿತ್ತು.

ಮರುದಿನ ರಾಯದುರ್ಗಕ್ಕೆ ಹೋದೆ. ಶಾಲೆ ಅಲ್ಲೇ ಇತ್ತು. ಹೆಡ್‌ಮೇಡಂ ಚಿಕ್ಕ ವಯಸ್ಸಿನವರು. ವರ್ಷ ಹೇಳಿದೆ. ಬೀರುವಿನಿಂದ ರಿಜಿಸ್ಟರ್ ತೆಗೆದು ಧೂಳು ಒರೆಸಿದರು, ಹೆಸರು ಸಿಕ್ಕಿತು. ಬರೆದು, ಸೀಲು ಒತ್ತಿ, ನನ್ನಿಂದ ಒಂದು ಸಹಿ ಹಾಕಿಸಿಕೊಂಡು ಕೊಟ್ಟರು. “ಇಪ್ಪುಡು ಎಂದುಕು ತಾತಾ?” ಎಂದು ಕೇಳಿದರು, ಈಗ ಯಾಕಜ್ಜ ಇದು ಎಂದು. ಕೈಮುಗಿದು ಹೊರಟೆ.

ಅಲ್ಲಿಂದ ನೇರ ಮೊಳಕಾಲ್ಮೂರಿಗೆ ಬಂದೆ. ಪಡಸಾಲೆಯಲ್ಲಿ ಮಕ್ಕಳು ಲೆಕ್ಕ ಮಾಡುತ್ತಿದ್ದವು. ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ನಿಂತಲ್ಲೇ ಓದಿದಳು, ಸೀಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ಎಷ್ಟೊತ್ತಾಯ್ತಪ್ಪ ಇದಕ್ಕೆ?”

ನನ್ನ ಬಾಯಿಗೆ ಮೊದಲು ಬಂದದ್ದು ‘ಇಡೀ ದಿನ ಕಾಯಿಸಿದ್ರು’ ಎಂಬ ಮಾತು. ನಾಲಿಗೆಯ ತುದಿಗೇ ಬಂದಿತ್ತು. ಹಾಗೆ ಅಂದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ, ಅಂದೂ ಅದು ಅಷ್ಟು ಸುಲಭವಿರಲಿಲ್ಲ ಎಂದುಕೊಳ್ಳುತ್ತಿದ್ದಳೇನೋ. ನನಗಂತೂ ಹಗುರವಾಗುತ್ತಿತ್ತು.

“ಹತ್ತು ನಿಮಿಷ” ಎಂದೆ.

ಅವಳು ಕಾಗದವನ್ನು ಮತ್ತೆ ಮೊದಲಿನಿಂದ ಓದಿದಳು. ಮಕ್ಕಳಲ್ಲಿ ಒಂದು, “ಟೀಚರ್, ನಂದು ಆಯ್ತು” ಎಂದು ಸ್ಲೇಟು ಎತ್ತಿ ಹಿಡಿಯಿತು. ಅವಳು ಅದರ ಕಡೆ ತಿರುಗಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೇ ವಾಪಸು ಕೊಟ್ಟಳು.

“ನೀನೇ ಇಟ್ಕೊಳಪ್ಪ” ಎಂದು ಒಳಗೆ ಹೋದಳು.

ಅದು ನನ್ನ ಅಂಗಿಯ ಜೇಬಿನಲ್ಲೇ ಇದೆ. ಅಂಗಿ ಬದಲಾಯಿಸುವಾಗ ಆ ಜೇಬಿನಿಂದ ಈ ಜೇಬಿಗೆ ಇಟ್ಟುಕೊಳ್ಳುತ್ತೇನೆ. ಮಡಿಕೆಯ ಕಡೆ ಹರಿಯುತ್ತಾ ಬಂದಿದೆ. ನಾಲ್ಕನೇ ತರಗತಿ, ರಾಯದುರ್ಗ ಎಂದು ಬರೆದ ಸಾಲು ಮಾತ್ರ ಇನ್ನೂ ಓದಲು ಬರುತ್ತದೆ.