ಬಾಯಿತುಂಬ ಹೊಳೆಯ ನೀರು

ಹೊಳೆವ್ವ ಬಾಯಲ್ಲಿ ನೀರು ತುಂಬಿಕೊಂಡಳೆಂದರೆ ಸತ್ತಿ ಊರಿನ ಕುರುಬರ ಓಣಿಯಲ್ಲಿ ನಿಂತವರೆಲ್ಲ ತಾವೂ ಮಾತು ನಿಲ್ಲಿಸುತ್ತಿದ್ದರು. ಕೃಷ್ಣೆಯಿಂದ ತಾನೇ ತುಂಬಿ ತಂದ ಹಿತ್ತಾಳೆಯ ತಂಬಿಗೆಯಿಂದ ಅವಳು ಒಂದು ಗುಟುಕು ತೆಗೆದುಕೊಂಡು, ನುಂಗದೆ, ಕೆನ್ನೆ ಉಬ್ಬಿಸಿಕೊಂಡು ಕುದುರೆಯ ಸುತ್ತ ನಡೆಯತೊಡಗುತ್ತಿದ್ದಳು. ಗಂಡುಕುದುರೆಯ ಕೂಡೆ ಬಿಟ್ಟು ಇಪ್ಪತ್ತು ದಿನಗಳಾದ ಹೆಣ್ಣುಕುದುರೆ ಗಬ್ಬ ನಿಂತಿದೆಯೋ, ಮತ್ತೆ ಬೆದೆಗೆ ಬಂದಿದೆಯೋ ಎಂಬುದು ತಿಳಿಯುವವರೆಗೆ ಆ ನೀರು ಬಾಯಲ್ಲೇ ಇರುತ್ತಿತ್ತು. ತಿಳಿದ ಕೂಡಲೇ ನೆಲಕ್ಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, ಎರಡೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು: “ಗಬ್ಬ ಐತಿ.” ಅಥವಾ, “ಖಾಲಿ ಐತಿ.” ನೀರು ನುಂಗಿದರೆ ಆ ದಿನ ಅವಳು ಕುದುರೆಯ ಬಗ್ಗೆ ಏನೂ ಹೇಳುವಂತಿಲ್ಲ ಎಂಬುದೂ ಕಟ್ಟಳೆಯಾಗಿತ್ತು. ಆದರೆ ಮೂವತ್ತಕ್ಕೂ ಮೀರಿದ ವರ್ಷಗಳಲ್ಲಿ ಅವಳು ನೀರು ನುಂಗಿದ್ದನ್ನು ಯಾರೂ ಕಂಡಿರಲಿಲ್ಲ.

ಈ ಕಟ್ಟಳೆ ಹಾಕಿದವಳು ಅವಳ ಅತ್ತೆ ಗಿರಿಜವ್ವ. ಹೊಳೆವ್ವ ಸೊಸೆಯಾಗಿ ಬಂದ ಎರಡನೆಯ ವರ್ಷ, ದೀಪಾವಳಿ ಮುಗಿಸಿಕೊಂಡು ಕುರಿಹಿಂಡು ಮೇವಿನ ಊರುಗಳ ಕಡೆಗೆ ಹೊರಟು ನಿಂತಿತ್ತು. ಕಂಬಳಿ, ಪಾತ್ರೆ, ಗೂಟ, ಬಲೆ, ನಡೆಯಲಾರದ ಎಳೆಮರಿಗಳು, ಎಲ್ಲವೂ ಕುದುರೆಯ ಬೆನ್ನಿಗೇ. ಅವಸರದಲ್ಲಿ ಯಾರೋ “ಖಾಲಿ ಐತೇನ ಬೇ ಕುದರಿ?” ಎಂದು ಕೇಳಿದರು. ಹದಿನೇಳರ ಹೊಳೆವ್ವ ಕಣ್ಣೆತ್ತಿ ನೋಡುವ ಮೊದಲೇ “ಹೂಂ” ಅಂದಳು. ಪೂರ್ತಿ ಹೊರೆ ಏರಿತು. ಮಾಘಮಾಸದಲ್ಲಿ, ಕಾಗವಾಡದ ಆಚೆಯ ಹಳ್ಳ ದಾಟುವಾಗ ಕುದುರೆ ಹೊರೆಯ ಸಮೇತ ಮೊಣಕಾಲೂರಿತು. ಮರುದಿನ ಬೆಳಗ್ಗೆ ಗೇಣುದ್ದದ ಮರಿಯೊಂದು ಇಬ್ಬನಿಯ ಹುಲ್ಲಿನ ಮೇಲೆ ಬಿದ್ದಿತ್ತು. ಅದರ ಗೊರಸುಗಳು ಹಾಲಿನ ಕೆನೆಯಂತೆ ಮೆತ್ತಗಿದ್ದವು.

ಗಿರಿಜವ್ವ ಬೈಯಲಿಲ್ಲ. “ಕೇಳಾವ್ರು ಬಾಯಾಗಿಂದ ಉತ್ತರ ಎಳದ ತಗೀತಾರ, ಮಗಳ,” ಎಂದಳು. “ಇನ್ನಮ್ಯಾಲ ಕಣ್ಣ ನೋಡಿ ಮುಗಸೂತನಕ ಬಾಯಾಗ ನೀರ ಇಟ್ಕೊ.”

ನೋಡುವ ಕ್ರಮವನ್ನೂ ಅವಳೇ ಕಲಿಸಿದಳು. ಮೊದಲು ಕಿವಿ, ಆಮೇಲೆ ಕಾಲು, ಕಟ್ಟಕಡೆಗೆ ಬಾಲ. ಎದೆಯೆತ್ತರದ ಬಿದಿರಿನ ತಡಿಕೆಯ ಒಂದು ಮಗ್ಗುಲಿಗೆ ಹೆಣ್ಣನ್ನು ನಿಲ್ಲಿಸಿ, ಇನ್ನೊಂದು ಮಗ್ಗುಲಿಗೆ ಗಂಡನ್ನು ತರಬೇಕು. ಬೆದೆಗೆ ಬಂದ ಕುದುರೆಯ ಕಿವಿ ಸಡಿಲವಾಗುತ್ತದೆ. ಅದು ತಡಿಕೆಗೆ ಒರಗುತ್ತದೆ, ಹಿಂಗಾಲು ಅಗಲಿಸುತ್ತದೆ, ಬಾಲ ಸರಿಸಿ ಮೇಲಿಂದ ಮೇಲೆ ಚೂರುಚೂರು ಉಚ್ಚೆ ಹೊಯ್ಯುತ್ತದೆ. ಗಬ್ಬ ನಿಂತದ್ದು ಕಿವಿಯನ್ನು ಕುತ್ತಿಗೆಗೆ ಅಂಟಿಸಿ, ಬಾಲ ಮುಚ್ಚಿಕೊಂಡು, ಕಿರುಚಿ ಒದೆಯುತ್ತದೆ. ಆದರೆ ಹೆದರಿದ ಕುದುರೆಯೂ ಬಾಲ ಎತ್ತುತ್ತದೆ, ಹೆದರಿದ ಕುದುರೆಯೂ ಉಚ್ಚೆ ಹೊಯ್ಯುತ್ತದೆ. ಬಾಲವನ್ನು ಕಡೆಗೆ ನೋಡಬೇಕಾದದ್ದು ಅದಕ್ಕೇ.

ಹೊಳೆವ್ವನ ಸ್ವಂತದ ಕುದುರೆ ಚಾಂದಿ. ಅವಳ ತವರಿನವರು ಮದುವೆಯಲ್ಲಿ ಕೊಟ್ಟು ಕಳಿಸಿದ ಬೂದುಬಿಳಿಯ ಮರಿಯ ವಂಶದ್ದು, ಆ ಸಾಲಿನಲ್ಲಿ ಉಳಿದ ಕೊನೆಯ ಹೆಣ್ಣು. ಬೆಳಗಿನ ಮಂಜಿನಲ್ಲಿ ಅದು ಹೊಳೆಗೆ ಇಳಿದರೆ ಮೈ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ಕಪ್ಪು ಕಣ್ಣೆರಡು ಮಾತ್ರ ನೀರಿನ ಮೇಲೆ ತೇಲಿ ಹೋಗುತ್ತಿದ್ದಂತೆ ಕಾಣುತ್ತಿತ್ತು. ಹೊಳೆವ್ವ ದಂಡೆಯ ಮೇಲೆ ಕುಳಿತು, ಆ ಕಣ್ಣುಗಳಲ್ಲಿ ಅದರ ತಾಯಿಯ ಕಣ್ಣನ್ನೂ ತಾಯಿಯ ತಾಯಿಯ ಕಣ್ಣನ್ನೂ ನೋಡುತ್ತ ಹೊತ್ತು ಮರೆಯುತ್ತಿದ್ದಳು.

ಎರಡು ಸಾವಿರದ ಒಂಬತ್ತರಲ್ಲಿ ನಿಪ್ಪಾಣಿ ಕಡೆಯ ಕಾಕಾಸಾಹೇಬ ಎಂಬವನು ಈ ಕುದುರೆಯ ಮೇಲೆ ಕಣ್ಣಿಟ್ಟ. ಅವನಿಗೆ ಕುದುರೆಗಾಡಿಯ ಓಟದ ಶರ್ಯತ್ತಿನ ಹುಚ್ಚು. ಹೊರೆ ಹೊತ್ತ ಚಾಂದಿ ರಸ್ತೆಯ ಬದಿಯಲ್ಲಿ ತನ್ನ ಜೀಪಿಗೆ ಸರಿಸಮವಾಗಿ ಓಡಿದ್ದನ್ನು ಒಮ್ಮೆ ಕಂಡವನು ಅದನ್ನು ಮರೆತಿರಲಿಲ್ಲ. ಚಾಂದಿಯ ಬದಲಿಗೆ ಹೊರೆ ಹೊರುವ ಎರಡು ಗಟ್ಟಿ ಕುದುರೆಗಳನ್ನು ಕೊಡುತ್ತೇನೆಂದ. ಹೊಳೆವ್ವನ ಗಂಡ ಬಾಳಾಸಾಬನಿಗೆ ಅದು ಬೇಡವೆನ್ನುವ ಮಾತಾಗಿರಲಿಲ್ಲ. ಹಿಂಡು ಬೆಳೆದಿತ್ತು, ಒಂದು ಕುದುರೆಗೆ ಹೊರೆ ಹೆಚ್ಚಾಗಿತ್ತು. ಆದರೆ ದಸರೆಯ ದಿನವಷ್ಟೇ ಚಾಂದಿಯನ್ನು ಮುಗಳಖೋಡದ ಲಗಮಣ್ಣನ ಗಂಡುಕುದುರೆಯ ಕೂಡೆ ಬಿಡಲಾಗಿತ್ತು. ಗಬ್ಬದ ಕುದುರೆಯನ್ನು ಹೊಸ್ತಿಲು ದಾಟಿಸಿ ಪರರಿಗೆ ಕೊಡುವುದು ಆ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮಾತು ಹೀಗೆ ನಿಂತಿತು: ದೀಪಾವಳಿಯ ಪಾಡ್ಯದ ದಿನ, ಎಂದರೆ ಇಪ್ಪತ್ತೊಂದನೆಯ ದಿನ, ಹೊಳೆವ್ವ ನೋಡಬೇಕು. ಖಾಲಿ ಇದ್ದರೆ ಕಾಕಾಸಾಹೇಬ ಚಾಂದಿಯನ್ನು ಒಯ್ಯಬೇಕು. ಗಬ್ಬ ಇದ್ದರೆ ಮಾತು ಅಲ್ಲಿಗೇ ಮುಗಿಯಬೇಕು.

“ನಿಮ್ಮ ಹೆಂಡ್ತಿ ಖಾಲಿ ಅಂದ್ರೂ ಗಬ್ಬ ಅಂದ್ರೂ ನನಗ ಮಂಜೂರ,” ಎಂದಿದ್ದ ಕಾಕಾಸಾಹೇಬ. “ಹೊಳೆವ್ವನ ಮಾತು ನಮ್ಮ ಕಡೆನೂ ನಡೀತೈತಿ.”

ಆ ಇಪ್ಪತ್ತೊಂದು ದಿನಗಳು ಹೊಳೆವ್ವನಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದೇ ಉದ್ದನೆಯ ಮಧ್ಯಾಹ್ನದಂತೆ ಸರಿದವು. ಬೇವಿನ ನೆರಳಿನಲ್ಲಿ ಉಣ್ಣೆ ನೂಲುತ್ತ ಜೊಂಪು ಹತ್ತಿದಾಗಲೆಲ್ಲ ಅವಳಿಗೆ ಕೃಷ್ಣೆಯ ತಳ ಕಾಣುತ್ತಿತ್ತು. ತಿಳಿನೀರಿನ ಅಡಿಯಲ್ಲಿ ಬಿಳಿಯ ಮರಿಯೊಂದು ಕಾಲು ಮಡಚಿ ಮಲಗಿರುತ್ತಿತ್ತು. ಮೀನುಗಳು ಅದರ ಕಿವಿಯ ಹತ್ತಿರ ಬಂದು ಏನನ್ನೋ ಹೇಳಿ ಹೋಗುತ್ತಿದ್ದವು. ಕಿವಿ ಮೆಲ್ಲಗೆ ಅಲುಗುತ್ತಿತ್ತು. ಎಚ್ಚರಾದರೆ ಕದಿರು ಮಣ್ಣಿನ ಮೇಲೆ ಉರುಳಿರುತ್ತಿತ್ತು, ನೂಲು ಕಡಿದಿರುತ್ತಿತ್ತು. ಮೊದಮೊದಲು ಆ ಕನಸು ಅವಳಿಗೆ ಹಿತವೆನಿಸಿತು. ದಿನ ಕಳೆದಂತೆ ಅದರ ಬಗ್ಗೆಯೇ ಅಂಜಿಕೆ ಹುಟ್ಟಿತು. ಇಷ್ಟು ವರ್ಷ ಅವಳು ನೋಡಿದ್ದು ಊರವರ ಕುದುರೆಗಳನ್ನು. ಅವು ಗಬ್ಬ ಇದ್ದರೇನು, ಖಾಲಿ ಇದ್ದರೇನು, ಅವಳಿಗೆ ಬೇಕಾದ ಉತ್ತರವೆಂಬುದು ಇರಲೇ ಇಲ್ಲ. ಈಗ ಇತ್ತು.

ಪಾಡ್ಯದ ಬೆಳಗು ಮಂಜು ಮುಸುಕಿತ್ತು. ಸೊಸೆ ಸುಂದರಾ ಬಾಗಿಲಲ್ಲಿ ಪಾಡ್ಯದ ಪೂಜೆಗೆ ಸೆಗಣಿಯ ಪಾಂಡವರ ಗೊಂಬೆಗಳನ್ನು ಕೂರಿಸಿ, ಅವುಗಳ ತಲೆಗೆ ಉತ್ತರಾಣಿ ಕಡ್ಡಿಯನ್ನೂ ಚೆಂಡುಹೂವನ್ನೂ ಸಿಕ್ಕಿಸಿದ್ದಳು. ಹಿಂದಿನ ದಿನವೇ ಬಂದಿದ್ದ ಲಗಮಣ್ಣ ತನ್ನ ಕಪ್ಪು ಗಂಡುಕುದುರೆ ಕರಿಯನನ್ನು ಹಿಡಿದುಕೊಂಡು ತಡಿಕೆಯ ಹಿಂದೆ ನಿಂತ. ಅಷ್ಟರಲ್ಲಿ ಕಾಕಾಸಾಹೇಬನ ಜೀಪು ಢಗಢಗ ಎನ್ನುತ್ತ ಓಣಿಗೆ ನುಗ್ಗಿತು. ಬಂದ್ ಮಾಡಿದರೆ ಮತ್ತೆ ಚಾಲೂ ಆಗದ ಜೀಪು. ಎಂಜಿನ್ ಹಾಗೇ ಬಿಟ್ಟು ಅವನು ಇಳಿದ.

“ನಮಸ್ಕಾರ ವೈನಿ! ಹಗ್ಗ ತಂದೀನಿ, ನೋಡ್ರಿ,” ಎಂದ ಹೊಳೆವ್ವನತ್ತ ತಿರುಗಿ.

“ಹಗ್ಗ ನಮ್ಮಲ್ಲೂ ಅದಾವ ಸಾವ್ಕಾರ,” ಎಂದ ಲಗಮಣ್ಣ. “ಮೊದಲ ಕುದರಿ ಏನಂತೈತಿ ಕೇಳೂಣು.”

ಹೊಳೆವ್ವ ತಂಬಿಗೆ ಎತ್ತಿ ಬಾಯಿಗೆ ನೀರು ತುಂಬಿಕೊಂಡಳು. ಲಗಮಣ್ಣ ಕರಿಯನನ್ನು ಮುಂದಕ್ಕೆ ತಂದ. ಜೀಪು ಒಮ್ಮೆ ಜೋರಾಗಿ ಕೆಮ್ಮಿತು. ಚಾಂದಿ ಥಟ್ಟನೆ ಬಾಲ ಎತ್ತಿ, ಹಿಂಗಾಲು ಕುಗ್ಗಿಸಿ ಉಚ್ಚೆ ಹೊಯ್ದಿತು.

“ಬಘಾ, ಬಘಾ, ನೋಡ್ರಿ!” ಕಾಕಾಸಾಹೇಬ ಚಪ್ಪಾಳೆ ತಟ್ಟಿದ. “ಬೆದಿಗಿ ಬಂದೈತಿ. ಇನ್ನೇನ ಬೇಕ?”

ಹೊಳೆವ್ವ ಕದಲಲಿಲ್ಲ. ಅವಳ ಕಣ್ಣಿನ ತುಂಬ ಆ ಎತ್ತಿದ ಬಾಲವೇ ಇತ್ತು. ಗಬ್ಬ ಇರಲಿ ಎಂದು ತನ್ನ ಜೀವ ಬೇಡುತ್ತಿದೆ, ಆದ್ದರಿಂದ ಅದು ಗಬ್ಬ ಇರಲಾರದು ಎಂದು ಯಾರೋ ಒಳಗಿನಿಂದ ಹೇಳುತ್ತಿದ್ದರು. ಕಿವಿ ನೋಡಲು ಅವಳು ಕತ್ತು ತಿರುಗಿಸಬೇಕಿತ್ತು. ತಿರುಗಿಸಿದರೆ ಕಂಡದ್ದು ಕಿವಿಯೋ ಕನಸಿನ ಕಿವಿಯೋ ಎಂಬ ಭಯ. ‘ಖಾಲಿ’ ಎಂಬ ಮಾತು ನೀರಿನ ಹಿಂದೆ ಬಂದು ನಿಂತಿತ್ತು. ಹದಿನೇಳರ ವಯಸ್ಸಿನಲ್ಲಿ ‘ಹೂಂ’ ಎಂಬುದು ಬಂದು ನಿಂತಿದ್ದೂ ಅಲ್ಲಿಯೇ.

ಅವಳು ನೀರು ನುಂಗಿದಳು.

ಗುಟುಕು ಇಳಿದ ಸದ್ದು ಜೀಪಿನ ಸದ್ದಿನಲ್ಲೂ ಕೇಳಿಸಿತೆಂದು ಲಗಮಣ್ಣ ಆಮೇಲೆ ಹೇಳುತ್ತಿದ್ದ. ಬಾಳಾಸಾಬ ಗಾಬರಿಯಾದ. “ಏನಾತ? ನುಂಗಿದಿ ಏನ?”

“ನನ್ನ ಕಣ್ಣ ಇವತ್ತ ನನ್ನ ಮಾತ ಕೇಳವಲ್ದು,” ಎಂದಳು ಹೊಳೆವ್ವ. “ನಾ ಈ ಕುದರೀನ ನೋಡಬಾರದಿತ್ತು. ಸುಂದರಾ, ತಂಬಗಿ ತಗೋ.”

“ನಾನ ಅತ್ತಿ?” ಸುಂದರಾ ಸೆಗಣಿಯ ಕೈಯನ್ನು ನೋಡಿಕೊಂಡಳು. ಮಂಗಸೂಳಿಯಿಂದ ಈ ಮನೆಗೆ ಬಂದು ಆರು ವರ್ಷ, ಅತ್ತೆಯ ಹಿಂದೆ ನಿಂತು ನೋಡಿದ್ದೇ ಹೊರತು ಒಮ್ಮೆಯೂ ನೀರು ಹಿಡಿದವಳಲ್ಲ.

“ಅಹೋ, ಇದೇನ ಆಟ!” ಎಂದ ಕಾಕಾಸಾಹೇಬ. “ಈಕಿ ನಿಮ್ಮ ಮನೀ ಸೊಸಿನ ಅಲ್ಲೇನು? ನಿಮಗ ಬೇಕಾದ್ದ ಹೇಳ್ತಾಳ.”

“ನನಗೇನ ಬೇಕಂತ ಆಕೀಗಿ ನಾ ಹೇಳಿಲ್ಲರಿ,” ಎಂದಳು ಹೊಳೆವ್ವ. ಅದು ನಿಜವಾಗಿತ್ತು. ಬೇವಿನ ನೆರಳಿನ ಕನಸನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸುಂದರಾ ಕೈ ತೊಳೆದು ಹೊಳೆಗೆ ಹೋದಳು. ಮಂಜು ಅವಳನ್ನು ನುಂಗಿತು. ಹಸಿರು ಬಳೆಗಳ ಸದ್ದಷ್ಟೇ ಕೆಳಗಿನಿಂದ ಬರುತ್ತಿತ್ತು. ಕೆನ್ನೆ ಉಬ್ಬಿಸಿಕೊಂಡು ಮೇಲೆ ಬಂದವಳು ಮೊದಲು ಜೀಪಿನತ್ತ ಬೆರಳು ತೋರಿಸಿ, ಮುಷ್ಟಿ ತಿರುವಿ ಸನ್ನೆ ಮಾಡಿದಳು.

“ಬಂದ್ ಮಾಡ್ರಿ ಅನ್ನಾಕತ್ತಾಳ,” ಎಂದ ಲಗಮಣ್ಣ.

“ಬಂದ್ ಮಾಡಿದ್ರ ದಬ್ಬಬೇಕಾಗ್ತೈತಿ!”

“ದಬ್ಬತೀವಿ ತಗೋರಿ.”

ಎಂಜಿನ್ ನಿಂತಿತು. ಒಮ್ಮೆಲೇ ಹೊಳೆಯ ಹರಿವು, ಎಲ್ಲೋ ಒಂದು ಕುರಿಯ ಗಂಟೆ, ಕುದುರೆಯ ಉಸಿರು ಎಲ್ಲವೂ ಕೇಳತೊಡಗಿದವು. ಕರಿಯನನ್ನು ದೂರ ಒಯ್ಯಿಸಿ, ಚಾಂದಿಯ ಮೈ ತಣಿಯುವವರೆಗೆ ಕಾದು, ಸುಂದರಾ ಕೈಬೀಸಿ ಕರೆದಳು. ಕರಿಯ ತಡಿಕೆಯ ಮೇಲಿಂದ ಕತ್ತು ಚಾಚಿ ಚಾಂದಿಯ ಭುಜ ಮೂಸಿತು. ಚಾಂದಿಯ ಕಿವಿಗಳೆರಡೂ ಹಿಂದಕ್ಕೆ ಬಿದ್ದು ಕುತ್ತಿಗೆಗೆ ಅಂಟಿಕೊಂಡವು. ಬಾಲ ಬಿಗಿಯಿತು. ಮರುಗಳಿಗೆಯಲ್ಲಿ ಅದು ಕಿರುಚಿ, ತಿರುಗಿ, ಎರಡೂ ಹಿಂಗಾಲುಗಳಿಂದ ತಡಿಕೆಗೆ ಕೊಟ್ಟ ಏಟಿಗೆ ಬಿದಿರು ಸೀಳಿತು, ಲಗಮಣ್ಣನ ರುಮಾಲು ನೆಲಕ್ಕೆ ಬಿತ್ತು. ಸುಂದರಾ ಇನ್ನೆರಡು ಸಲ ಕರಿಯನನ್ನು ತರಿಸಿದಳು. ಎರಡು ಸಲವೂ ಅದೇ ಕಿವಿ, ಅದೇ ಒದೆ.

ಅವಳು ನೀರು ಉಗುಳಿದಳು. “ಗಬ್ಬ ಐತಿ.”

“ಮತ್ತ ಆಗಳೆ ಬಾಲ ಎತ್ತಿದ್ದು?” ಕಾಕಾಸಾಹೇಬ ಬಿಡಲಿಲ್ಲ.

“ಅದು ನಿಮ್ಮ ಜೀಪಿಗಿ ರೀ, ಸಾವ್ಕಾರ.”

“ಹಂಗಾರ ಜೀಪಿನ ಕೂಡ ಲಗ್ನಾ ಮಾಡೂಣೇನ?” ಎಂದ ಲಗಮಣ್ಣ ರುಮಾಲಿನ ಮಣ್ಣು ಕೊಡವುತ್ತ. ಮೊದಲು ನಕ್ಕವನು ಕಾಕಾಸಾಹೇಬನೇ. ಆಡಿದ ಮಾತಿಗೆ ತಪ್ಪದವನು, ಹಗ್ಗವನ್ನು ಸುರುಳಿ ಸುತ್ತಿ ಜೀಪಿನೊಳಗೆ ಎಸೆದ. ಬಾಳಾಸಾಬ, ಲಗಮಣ್ಣ, ಓಣಿಯ ನಾಲ್ಕು ಜನ ಸೇರಿ ಜೀಪನ್ನು ರಸ್ತೆಯವರೆಗೆ ದಬ್ಬಿದರು. ಗಬ್ಬದ ಕುದುರೆಗೆ ಸದ್ದು ಬೇಡವೆಂದು ಹೊಳೆವ್ವ ಚಾಂದಿಯ ಕೊರಳ ಗಂಟೆ ಬಿಚ್ಚಿ, ಹಣೆಗೆ ಮಂಗಸೂಳಿ ಮಲ್ಲಯ್ಯನ ಭಂಡಾರ ಹಚ್ಚಿದಳು. ಆ ಹಳದಿ ಪುಡಿ ಬಿಳಿಯ ರೆಪ್ಪೆಗಳ ಮೇಲೂ ಉದುರಿತು.

ಹಿಂಡು ಹೊರಟ ಮೂರನೆಯ ದಿನ ಅತ್ತೆ ಸೊಸೆ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಜೊತೆಯಾಗಿ ನಡೆಯುತ್ತಿದ್ದರು. ಚಾಂದಿಯ ಬೆನ್ನಿಗೆ ಅರ್ಧ ಹೊರೆ. ಉಳಿದರ್ಧ, ಪಾತ್ರೆಯ ಗಂಟು ಮತ್ತು ಎರಡು ಕಂಬಳಿ, ಸುಂದರಾಳ ತಲೆಯ ಮೇಲಿತ್ತು. ಹೊಳೆವ್ವ ಕೇಳಿದಳು:

“ಖರೇ ಹೇಳ. ಚಾಂದಿ ಉಳೀಲಿ ಅಂತ ನಿನಗೂ ಇತ್ತೇನ?”

“ಇಲ್ಲ ಅತ್ತಿ.” ಸುಂದರಾ ಗಂಟನ್ನು ಸರಿಪಡಿಸಿಕೊಂಡಳು. “ಹೋಗ್ಲಿ ಅಂತಿತ್ತು. ಎರಡ ಕುದರಿ ಬಂದಿದ್ರ ಈ ಗಂಟ ನನ್ನ ತಲಿಮ್ಯಾಲ ಇರತಿದ್ದಿಲ್ಲ.”

“ಮತ್ತ?”

“ಮತ್ತೇನು? ಬಾಯಾಗ ನೀರಿತ್ತಲ್ಲ.”

ಹೊಳೆವ್ವ ನಿಂತಳು. ಕಬ್ಬಿನ ಸೂಲಂಗಿಗಳು ಗಾಳಿಗೆ ಬೆಳ್ಳಗೆ ಬಾಗುತ್ತಿದ್ದವು. ಅವುಗಳ ನಡುವೆ ಚಾಂದಿ ಕನಸಿನಲ್ಲಿ ನಡೆದಂತೆ ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಅವಳು ಕೈ ಚಾಚಿ ಸೊಸೆಯ ತಲೆಯಿಂದ ಪಾತ್ರೆಯ ಗಂಟನ್ನು ಇಳಿಸಿ ತನ್ನ ತಲೆಗೆ ಇಟ್ಟುಕೊಂಡಳು. ಮಳೆಗಾಲಕ್ಕೆ ಊರಿಗೆ ಮರಳುವವರೆಗೂ ಅದು ಅಲ್ಲಿಯೇ ಇತ್ತು.

ರಾಯಬಾಗದ ಹತ್ತಿರ ಹಿಂಡು ಬೀಡುಬಿಟ್ಟಾಗ ಪಶುವೈದ್ಯರೊಬ್ಬರು ತೋಳುದ್ದದ ಕೈಗವಸು ಹಾಕಿಕೊಂಡು ಪರೀಕ್ಷಿಸಿ, ಗಬ್ಬ ಹೌದೆಂದರು. ಮರುವರ್ಷ ಗಣಪತಿ ಕೂರುವ ವಾರ ಮೊದಲು, ಜಿಟಿಜಿಟಿ ಮಳೆಯ ಒಂದು ನಸುಕಿನಲ್ಲಿ, ಚಾಂದಿ ಹೆಣ್ಣುಮರಿ ಹಾಕಿತು. ಬಿಳಿಯದಲ್ಲ, ತಂದೆಯ ಹಾಗೆ ಅಚ್ಚ ಕಪ್ಪು. ಹೊಳೆವ್ವ ಅದರ ಒದ್ದೆ ಕಿವಿಯನ್ನು ಬೆರಳಲ್ಲಿ ಹಿಡಿದು, ಅಲುಗುತ್ತದೆಯೇ ಎಂದು ಬಹಳ ಹೊತ್ತು ನೋಡುತ್ತ ಕುಳಿತಳು.

ಅಂದಿನಿಂದ ಸತ್ತಿಗೆ ಕುದುರೆ ಹಿಡಿದುಕೊಂಡು ಬಂದವರಿಗೆ ನೋಡಿ ಹೇಳುವವಳು ಸುಂದರಾ. ಈಗಲೂ ಒಮ್ಮೊಮ್ಮೆ ಯಾರಾದರೂ ಹಳೆಯ ರೂಢಿಯಿಂದ ಬೇವಿನ ಕೆಳಗೆ ಕುಳಿತ ಹೊಳೆವ್ವನತ್ತ ತಿರುಗಿ “ಏನ ಯಕ್ಕಾ, ಖಾಲಿ ಐತೋ ಹೆಂಗ?” ಎನ್ನುತ್ತಾರೆ. ಕದಿರು ತಿರುಗುತ್ತಿರುತ್ತದೆ. ಅವಳ ಬಾಯಲ್ಲಿ ನೀರಿರುವುದಿಲ್ಲ. ಆದರೂ ಸುಂದರಾ ಉಗುಳುವವರೆಗೆ ಅವಳು ತುಟಿ ಬಿಚ್ಚುವುದಿಲ್ಲ.