ಚೆಂಡಿಗೆ ಸುತ್ತಿಗೆ ಗುರುತು

ಅರವತ್ತರ ದಶಕದ ಶುರುವಿನ ಮಾತು. ಧಾರವಾಡದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷ ಹೋದಲ್ಲೆಲ್ಲ ಸೋತು, ಕೊನೆಯ ಪಂದ್ಯಕ್ಕೆ ದಾಂಡೇಲಿಗೆ ಬಂದಿತ್ತು. ಅಲ್ಲಿನ ಅಂಬೇವಾಡಿ ಬಡಾವಣೆಯ ಹುಡುಗರ ಎದುರು, ಯಾರ ಪುಣ್ಯವೋ, ನಾನೊಂದು ಗೋಲು ಹೊಡೆದೆ. ಇಡೀ ಸೀಸನ್ನಿನಲ್ಲಿ ನಮ್ಮ ಮೊದಲ ಗೋಲು! ಇನ್ನೇನು ಗೆದ್ದೆವು ಎನ್ನುವಾಗ ನಮ್ಮ ಬ್ಯಾಕ್ ಆಟಗಾರ ಹುರುಪಿನಲ್ಲಿ ಒದ್ದ ಚೆಂಡು ಬೇಲಿ ಹಾರಿ ಪಕ್ಕದ ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದಲ್ಲಿ ಬಿತ್ತು. ನಮ್ಮಲ್ಲಿದ್ದದ್ದು ಅದೊಂದೇ ಚೆಂಡು.

ಓಡಿಹೋದೆ. ಗೇಟಿನ ಗಾರ್ಡು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ.

“ಡಿಪೋದಾಗಿಂದ ಏನ ಹೊರಗ ಹೋದ್ರೂ ಅದರ ಮ್ಯಾಲ ಪಾಸಾತಂತ ಇಲಾಖೆ ಹೊಡದ ಸುತ್ತಿಗಿ ಗುರುತು ಇರಬೇಕ್ರಿ.”

“ಅದು ದಿಮ್ಮಿಗೆ ರೀ! ಚೆಂಡಿಗೆ ಸುತ್ತಿಗೀಲೆ ಹೊಡದ್ರ ಒಡೀತೈತಿ.”

“ಅದಕ್ಕ ನಾ ಹೊಡದಿಲ್ಲ. ಸಾಹೇಬ್ರು ಬರೂತನಕ ಕುಂದರ್ರಿ.”

ಅಷ್ಟರಲ್ಲಿ ಡಿಪೋದ ಒಳಗಿನಿಂದ ತೇಗದ ದಿಮ್ಮಿ ತುಂಬಿದ ಲಾರಿ ಬಂತು. ಗಾರ್ಡು ಎದ್ದು ಗೇಟು ತೆಗೆದು ಸೆಲ್ಯೂಟ್ ಹೊಡೆದ. ಬಗ್ಗಿ ನೋಡಿದೆ, ಒಂದು ದಿಮ್ಮಿಗೂ ಗುರುತಿಲ್ಲ.

“ಇವಕ್ಕ ಗುರುತು ಎಲ್ಲೈತ್ರಿ?”

“ಅವು ಧಾರವಾಡಕ್ಕ, ಸಾಹೇಬ್ರ ಮನೀಗೆ ಹೊಂಟಾವು,” ಎಂದ, ನಾನೇ ಕಾನೂನು ತಿಳಿಯದ ದಡ್ಡ ಎಂಬಂತೆ. ಲಾರಿ ಡ್ರೈವರ್ ನನ್ನ ಮುಖ ನೋಡಿ ನಕ್ಕ.

ಕಾದು ಬೇಸತ್ತ ರೆಫ್ರಿ ಪಂದ್ಯವೇ ನಡೆದಿಲ್ಲವೆಂದು ಸಾರಿದ. ನನ್ನ ಗೋಲೂ ಹೋಯಿತು.

ಮರುದಿನ ಅದೇ ಡ್ರೈವರ್, ಚೆಂಡಿನ ಮೇಲೆ ಬರೆದಿದ್ದ ಕಾಲೇಜಿನ ಹೆಸರು ನೋಡಿ, ಧಾರವಾಡದ ನಮ್ಮ ಹಾಸ್ಟೆಲ್ಲಿಗೆ ಅದನ್ನು ತಂದುಕೊಟ್ಟ. ಸಾಹೇಬರ ಮನೆಗೆ ಹೊರಟ ಇನ್ನೊಂದು ಲೋಡಿನ ದಿಮ್ಮಿಗಳ ಸಂದಿಯಲ್ಲಿ ಇಟ್ಟು ತಂದಿದ್ದನಂತೆ.

“ಗಾರ್ಡು ತಡೀಲಿಲ್ಲೇನು?”

“ಯಾಕ ತಡೀತಾನ್ರಿ? ಸೆಲ್ಯೂಟ್ ಹೊಡದ.”

ಆ ಸೀಸನ್ನಿನಲ್ಲಿ ನಮ್ಮ ತಂಡಕ್ಕೆ ಸಿಕ್ಕ ಮರ್ಯಾದೆ ಅದೊಂದೇ.