ವರಾಂಡದ ಜಮಖಾನ

ಎಪ್ಪತ್ತರ ದಶಕದಲ್ಲಿ ನಾವೊಂದಿಷ್ಟು ಮಂದಿ ಕ್ಯಾನ್ಸರ್ ರೋಗಿಗಳಿಗಾಗಿ ಸಂಘ ಕಟ್ಟಿದೆವು. ಅವರಿಗೆಂದು ಕಟ್ಟಿಸಹೊರಟ ವಾರ್ಡಿನ ಗೋಡೆ ಏಳುವ ಮೊದಲೇ ಉದ್ಘಾಟನೆಯ ಚಿಂತೆ ಹತ್ತಿತು. ವೇದಿಕೆಗೆ ಸಂಘದ ಹೆಸರು ನೇಯ್ದ ಜಮಖಾನ ಹೇಳಿಬರಲು ನನ್ನನ್ನು ನವಲಗುಂದಕ್ಕೆ ಅಟ್ಟಿದರು.

ಸಂಘದ ವಿಷಯ ಹೇಳಿ ಹೆಸರು ಬರೆದ ಚೀಟಿ ಚಾಚಿದರೆ, ಮಗ್ಗದ ಮುಂದಿದ್ದ ಫಾತಿಮಾಬಿ ಅದನ್ನು ನೋಡಲೇ ಇಲ್ಲ; ಬಾಜೂಕ ನೂಲು ಸುತ್ತುತ್ತಿದ್ದ ಸೊಸೆಯನ್ನು ತೋರಿಸಿದರು. ಆ ಮನೆಗಳಲ್ಲಿ ನೇಯ್ಗೆ ಕಲಿಸುವುದು ಸೊಸೆಗೇ. ಮಗಳಿಗೆ ಕಲಿಸಿದರೆ ಲಗ್ನವಾದ ಮೇಲೆ ವಿದ್ಯೆಯೂ ಊರು ಬಿಡುತ್ತದೆ.

"ಇಕಿಗೆ ಅದ ಬ್ಯಾನಿ ಆಗಿತ್ರಿ. ಇಕಿ ಹೋಗಿದ್ರ ನಮ್ಮನಿ ಮಗ್ಗಾನೂ ನಿಲ್ತಿತ್ತು. ದವಾಖಾನ್ಯಾಗ ಇಕಿಗೆ ಮಂಚ ಕೊಟ್ರು, ನಾ ತಿಂಗಳಗಟ್ಟಲೆ ವರಾಂಡದಾಗ ಬರೇ ಫರಸಿ ಮ್ಯಾಲ ಮಲಕೊಂಡ್ನಿ. ರೋಗಿ ಜೋಡಿ ಬಂದವರಿಗೆ ನೀವೇನ್ ಮಾಡೀರಿ?"

ಏನೂ ಮಾಡಿರಲಿಲ್ಲ. ನಮ್ಮಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ.

ಕೆಲವು ತಿಂಗಳ ಮೇಲೆ ತರಲು ಹೋದರೆ, ವೇದಿಕೆಯ ಅಳತೆ ಬಿಟ್ಟು ವರಾಂಡದುದ್ದಕ್ಕೂ ಹಾಸುವಂಥ ಜಮಖಾನ ನೇಯ್ದಿಟ್ಟಿದ್ದರು.

"ಸಂಘದ ಹೆಸರು ಎಲ್ಲೈತ್ರಿ ಅಮ್ಮಾ?" ಅಂದೆ, ಸ್ವಲ್ಪ ಸಿಟ್ಟಿನಿಂದಲೇ.

"ದಣದ ಮಂದಿ ಕಾಲ ಚಾಚೂ ಜಾಗಾರಿ ಅದು. ಹೆಸರಿನ ಮ್ಯಾಲ ಕಾಲಿಟ್ಟು ಯಾರಿಗೆ ನಿದ್ದಿ ಬರತೈತಿ?"

ನಾನು ಜಮಖಾನ ಸುರುಳಿ ಸುತ್ತಿ ಹೊತ್ತುಕೊಂಡು ಬಂದೆ.

ನಮ್ಮ ಹೆಸರುಗಳನ್ನು ಆಮೇಲೆ ಕಲ್ಲಿನಲ್ಲಿ ಕೆತ್ತಿಸಿ ವರಾಂಡದ ಗೋಡೆಗೆ ಕೂರಿಸಿದೆವು. ನನ್ನದೂ ಇದೆ, ಏಳನೆಯದು. ಅದನ್ನು ನಿಂತು ಓದಿದವರನ್ನು ನಾನಿನ್ನೂ ಕಂಡಿಲ್ಲ. ಕೆಳಗೆ ಜಮಖಾನದ ಮೇಲೆ ಗೊರಕೆ ಹೊಡೆಯುವವರನ್ನು ಮಾತ್ರ ದಾಟಿ ದಾಟಿ ಸಾಕಾಯಿತು.